ಅತ್ತೆಯ ಬಳಿ

ನನ್ನ ಸೋದರತ್ತೆಗೆ ಅಹಂಕಾರ ಎಷ್ಟೆಂದರೆ, ಅದು ಕಾರಿನಲ್ಲಿ ಹಿಡಿಸದೆ ಅವರು ಬಸ್ಸಿನಲ್ಲೇ ಓಡಾಡುತ್ತಾರೆ!

ಮೂಡುಬಿದಿರೆ ಹತ್ತಿರದ ಗುತ್ತಿನ ಮನೆಯ, ಅಂದರೆ ಊರಿನ ಹಳೆಯ ಜಮೀನ್ದಾರಿ ಮನೆತನದ, ಯಜಮಾನ್ತಿ ಅವರು. ಅಜ್ಜಿಯಿಂದ ಬಂದ ಗದ್ದೆ, ತೋಟ, ಪೇಟೆಯಲ್ಲಿ ಬಾಡಿಗೆಯ ಅಂಗಡಿಗಳು, ಯಾವುದಕ್ಕೂ ಕೊರತೆಯಿಲ್ಲ. ಮಕ್ಕಳು ಮಾತ್ರ ಇಲ್ಲ. ಶೆಡ್ಡಿನಲ್ಲಿ ಕಾರೂ ಇದೆ. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ ತೃಪ್ತರಾಗಿ, ಬಂಟ್ವಾಳದ ಬಸ್ಸು ಹಿಡಿಯುತ್ತಾರೆ. ಯಾಕೆ ಅಂತ ಕೇಳಿ ನೋಡಿ.

"ಕಾರಲ್ಲಿ ಮಾತಾಡ್ಲಿಕ್ಕೆ ಯಾರುಂಟು? ಡ್ರೈವರ್ ಒಬ್ಬ. ಅವನ ಸಂಸಾರದ ಕತೆಯೆಲ್ಲ ಕೇಳಿ ಮುಗೀತು."

ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅವರ ಪ್ರಶ್ನೆ ಒಂದೇ: "ನಿಮ್ಮದು ಯಾವ ಬಳಿ?" ಬಳಿ ಎಂದರೆ ನಮ್ಮವರಲ್ಲಿ ವಂಶ, ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಬೀದರ್ ಕಡೆಯ ಕಾಲೇಜು ಹುಡುಗಿಯೊಬ್ಬಳು ಪಾಪ, ವಿಳಾಸ ಕೇಳಿದರೆಂದುಕೊಂಡು, "ಬಸ್‌ಸ್ಟ್ಯಾಂಡ್ ಬಳಿ, ಆಂಟಿ" ಎಂದಳಂತೆ. ಅತ್ತೆ ಗಂಭೀರವಾಗಿ ತಲೆಯಾಡಿಸಿದರಂತೆ. "ಕೇಳಿದ ಹಾಗೆ ಉಂಟು. ಒಳ್ಳೆಯ ಜನ."

ನನಗೆ ಮಾತ್ರ ಆ ಪ್ರಶ್ನೆ ಕೇಳಿದರೆ ನಗು ಬರುತ್ತಿರಲಿಲ್ಲ. ಅಪ್ಪ ಆ ಮನೆಯ ಮಗ, ಅಮ್ಮ ಹಾವೇರಿಯವರು. ಅಮ್ಮನಿಗೆ ಬಳಿ ಇಲ್ಲ, ಆದ್ದರಿಂದ ನನಗೂ ಇಲ್ಲ. ಅದೇ ಮನೆಯಲ್ಲಿ ಆಡಿ ಬೆಳೆದವಳು ನಾನು. ಆದರೆ ಮನೆಯ ದೈವಕ್ಕೆ ತಂಬಿಲ, ಅಂದರೆ ವರ್ಷದ ಪೂಜೆ, ಕೊಡುವ ದಿನ ಕುಟುಂಬದವರೆಲ್ಲ ಚಾವಡಿಯಲ್ಲಿ ಸಾಲಾಗಿ ನಿಂತು ಪ್ರಸಾದ ತೆಗೆದುಕೊಂಡರೆ, ನಾನು ನೆಂಟರ ಜೊತೆ ಅಂಗಳದಲ್ಲಿ. ಯಾರೂ ಹೊರಗೆ ಹಾಕಿದ್ದಲ್ಲ, ಕ್ರಮ ಹಾಗೆ. ಆದರೂ ಆ ಸಾಲು ಕರಗುವವರೆಗೆ, ನನ್ನವರು ಅಂತ ನನಗೆ ಯಾರೂ ಇಲ್ಲ ಅನ್ನಿಸುತ್ತಿತ್ತು.

ಈ ಸಲ ಅತ್ತೆ ಅಂಗಳಕ್ಕೆ ಇಳಿದು ಬಂದು, ನನ್ನ ಕೈ ಹಿಡಿದು ಚಾವಡಿಗೆ ಎಳೆದೊಯ್ದರು. ಅವರ ದೊಡ್ಡಮ್ಮನ ಮಗ, ಕುಟುಂಬಕ್ಕೆ ಹಿರಿಯರು, ಒಮ್ಮೆ ಕೆಮ್ಮಿದರು.

"ಇವಳು ಯಾವ ಬಳಿ?"

"ನನ್ನದೇ. ನನ್ನ ಮಗಳು," ಎಂದರು ಅತ್ತೆ.

"ಹಾಗಾದ್ರೆ ನಾಳೆ ಆಸ್ತಿಯಲ್ಲೂ ಪಾಲುಂಟಾ?"

"ಅದನ್ನು ವಕೀಲರ ಹತ್ರ ಮಾತಾಡುವ ಅಣ್ಣ. ಈಗ ನೀವು ಸ್ವಲ್ಪ ಆಚೆ ನಿಲ್ಲಿ, ಅವಳಿಗೆ ಜಾಗ ಬೇಕು."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಾಚಿ ಹಿಂದೆ ಸರಿಯಹೊರಟೆ. ಅತ್ತೆ ಕೈ ಬಿಡಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿದರು.

"ನನ್ನ ಕವಲು ನನ್ನೊಟ್ಟಿಗೇ ಮುಗೀತದೆ ಮಾರಾಯ್ತಿ. ನೀನೂ ಬೇಡ ಅಂದ್ರೆ ನನಗೆ ಯಾರುಂಟು?"

ಇಷ್ಟು ವರ್ಷ ನನಗೊಬ್ಬಳಿಗೇ ಯಾರೂ ಇಲ್ಲ ಎಂದುಕೊಂಡಿದ್ದೆನಲ್ಲ! ಅವರ ಕೈಯ ಪಕ್ಕದಲ್ಲೇ ನನ್ನ ಕೈಯನ್ನೂ ಪ್ರಸಾದಕ್ಕೆ ಚಾಚಿದೆ.