ಕೋತಿ ಹಿಡಿದ ದೀಪ

ನನಗೆ ಎಲ್ಲರ ದನಿಯೂ ಬರುತ್ತದೆ. ಜೋಗುಪಾಳ್ಯದ ನಮ್ಮ ಮನೆ ಮಾಲೀಕರ ಹಾಗೆ ನಾನು ‘ಮೋಟಾರ್ ಆಫ್ ಮಾಡೇ!’ ಎಂದು ಕೂಗಿದರೆ ಅವರ ಹೆಂಡತಿಯೇ ಓಡಿಹೋಗಿ ಆರಿಸುತ್ತಾರೆ. ನಮ್ಮ ಮ್ಯಾನೇಜರರ ಕೆಮ್ಮು, ಮೆಟ್ರೋ ಬಾಗಿಲು ಮುಚ್ಚುವಾಗ ಎಚ್ಚರಿಸುವ ಹೆಂಗಸಿನ ವಿನಯ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಬಾರದ ದನಿ ಒಂದೇ, ನನ್ನದು. ಅದರಲ್ಲೂ ಸ್ಟೆಲ್ಲಾ ಎದುರಿಗಿದ್ದರೆ ‘ನೀನಂದ್ರೆ ನನಗೆ ಇಷ್ಟ’ ಎಂಬ ಮೂರು ಪದ ಹೊರಡುವ ಬದಲು ಮ್ಯಾನೇಜರರ ಕೆಮ್ಮೇ ಹೊರಡುತ್ತದೆ. ಅವಳು ನಗುತ್ತಾಳೆ. ನಾನು ಇನ್ನೊಮ್ಮೆ ಕೆಮ್ಮುತ್ತೇನೆ.

ಸ್ಟೆಲ್ಲಾ ನನ್ನ ಆಫೀಸಿನವಳು, ಮನೆ ಪುಲಿಕೇಶಿನಗರದಲ್ಲಿ. ಒಂದು ಸಂಜೆ ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಹಕ್ಕಿಯ ಆಕಾರದ ದೀಪದ ಕೆಳಗೆ ಕೂತಿದ್ದಾಗ, “ಇಂಥ ಬೆಳಕಲ್ಲಿ ಕೂತ್ರೆ ಎದ್ದು ಹೋಗೋಕೇ ಮನಸಾಗಲ್ಲ ಕಣೋ” ಎಂದಳು. ಎಂದವಳೇ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಆದರೆ ಆ ಮಾತು ನನ್ನಲ್ಲೇ ಕೂತುಬಿಟ್ಟಿತು. ಮಾರನೆಯ ದಿನವೇ ಶಿವಾಜಿನಗರದ ದೀಪದಂಗಡಿಗೆ ಹೋದೆ. ಹಕ್ಕಿ ಇರಲಿಲ್ಲ. ಇದ್ದದ್ದು ಒಂದು ಕೋತಿ, ಒಂದು ಕೈಯಲ್ಲಿ ಹಗ್ಗಕ್ಕೆ ಜೋತುಬಿದ್ದು ಇನ್ನೊಂದರಲ್ಲಿ ಬಲ್ಬು ಹಿಡಿದಿತ್ತು. “ಬೆಳಕು ಸಾಕಾಗತ್ತಾ ಭಾಯ್?” ಎಂದು ಕೇಳಿದೆ. ಅಂಗಡಿಯವರು ನೊಂದುಕೊಂಡರು. “ಅರೇ, ಇದು ಶೋಗೆ ಸಾರ್! ಬೆಳಕು ಬೇಕಂದ್ರೆ ಪಕ್ಕದಂಗಡೀಲಿ ಟ್ಯೂಬ್‌ಲೈಟ್ ತಗೊಳ್ಳಿ.”

ಹಾಲ್‌ನ ಟ್ಯೂಬ್‌ಲೈಟ್ ಇಳಿಸಿ, ಅಂಗಡಿಯಲ್ಲಿ ನಡೆದ ಮಾತುಕತೆಯನ್ನೆಲ್ಲ ಅಮ್ಮನಿಗೆ ಹೇಳುತ್ತಾ ಕೋತಿಯನ್ನು ತೂಗುಹಾಕಿದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಮನೇಲಿ ಒಂದು ಇತ್ತಲ್ಲೋ, ಸಾಲದು ಅಂತ ಇನ್ನೊಂದಾ?” ಎಂದಳು. ಆದರೆ ಮುಸ್ಸಂಜೆ ದೀಪ ಹಾಕಿದ ಕೂಡಲೇ ಕೈಮುಗಿಯುವುದು ಅವಳ ಅಭ್ಯಾಸ. ಆ ಸಂಜೆಯೂ ಮುಗಿದಳು. ಮುಗಿದ ಮೇಲೆ ಎದುರಿಗಿರುವುದು ಯಾರೆಂದು ನೋಡಿದಳು. ಬೆಳಗಾಗುವಷ್ಟರಲ್ಲಿ ಕೋತಿಯ ಹಣೆಗೆ ಕುಂಕುಮ ಬಂದಿತ್ತು, ಬಾಲಕ್ಕೆ ಮಲ್ಲಿಗೆ ಸುತ್ತಿಕೊಂಡಿತ್ತು. ಈಗ ಶನಿವಾರ ಅದರ ಕೆಳಗೆ ಕೂತು ಆಮ್ಲೆಟ್ ತಿನ್ನುವಂತಿಲ್ಲ. ಪ್ರೇಮಕ್ಕೆಂದು ತಂದದ್ದು ಬ್ರಹ್ಮಚಾರಿ ದೇವರಾಯಿತು.

ಕೊನೆಗೂ ಭಾನುವಾರ ಸ್ಟೆಲ್ಲಾ ಬಂದಳು. ಅವಳಿಗೆಂದೇ ಕುರ್ಚಿಯನ್ನು ಸರಿಯಾಗಿ ಕೋತಿಯ ಕೆಳಗೆ ಹಾಕಿದ್ದೆ. ಮೂರು ಪದಗಳನ್ನು ಸ್ನಾನದ ಮನೆಯಲ್ಲಿ ನನ್ನ ಸ್ವಂತ ದನಿಯಲ್ಲೇ ಅಭ್ಯಾಸ ಮಾಡಿದ್ದೆ. ದೀಪ ಹಾಕಿದೆ. ಅಮ್ಮ ಕೈಮುಗಿದಳು. ಅವಳನ್ನು ನೋಡಿ ಸ್ಟೆಲ್ಲಾಳೂ ಮುಗಿದಳು. ಆ ಜೇನುಬಣ್ಣದ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು. ನಾನೂ ಕೈಮುಗಿದೆ, ಜೀವಮಾನದಲ್ಲೇ ಮೊದಲ ಸಲ ಮನಸಾರೆ. ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ ಅವರೆಕಾಯಿ ತುಂಬಿದ ಮೊರ ತಂದಳು. “ಈ ಬೆಳಕಲ್ಲಿ ಕಾಳು ಯಾವ್ದು ಹುಳ ಯಾವ್ದು ಕಾಣಲ್ಲಮ್ಮ. ಬಾ, ಅಡುಗೆಮನೇಲಿ ಟ್ಯೂಬ್‌ಲೈಟಿದೆ.”

“ಬಂದೆ ಆಂಟಿ” ಎಂದು ಅವಳು ಎದ್ದೇಬಿಟ್ಟಳು.

ಒಳಗೆ ಅವರೆಕಾಯಿ ಸುಲಿಯುವ ಚಟಚಟ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಮ್ಮನ ದನಿ ಬದಲಾಯಿತು, “ಬೆಳಕು ಸಾಕಾಗತ್ತಾ ಭಾಯ್?” ಅದು ನಾನು! ನನ್ನ ಎಳೆತ, ನನ್ನ ಅಳುಕು, ಎಲ್ಲ ಯಥಾವತ್ತು. ನನಗೇ ಬಾರದ ನನ್ನ ದನಿ ಇಷ್ಟು ವರ್ಷ ಅಮ್ಮನ ಹತ್ತಿರವಿತ್ತು. ಸ್ಟೆಲ್ಲಾ ನಕ್ಕಳು. ನನ್ನ ಯಾವ ಕೆಮ್ಮಿಗೂ ಅವಳು ಹಾಗೆ ನಕ್ಕಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ, “ಮುಂದಿನ ಭಾನುವಾರ ಆಂಟಿ ಹಿತಕವರೆ ಸಾರು ಮಾಡ್ತಾರಂತೆ, ಬರ್ತೀನಿ” ಎಂದಳು. ನಾನು ಹೇಳಬೇಕಾದ್ದನ್ನು ಹೇಳಲು ಹೋಗಿ, ಮೆಟ್ರೋ ಹೆಂಗಸಿನ ದನಿಯಲ್ಲಿ ಬಾಗಿಲು ಮುಚ್ಚುವ ಸೂಚನೆ ಕೊಟ್ಟೆ.

ಆಮೇಲೆ ಬಂದು ಆ ಕುರ್ಚಿಯಲ್ಲಿ ಕೂತೆ. ಅವಳು ಹೇಳಿದ್ದು ಸುಳ್ಳಲ್ಲ. ಇಂಥ ಬೆಳಕಲ್ಲಿ ಕೂತರೆ ಎದ್ದು ಹೋಗಲು ನಿಜಕ್ಕೂ ಮನಸ್ಸಾಗುವುದಿಲ್ಲ. ಅಮ್ಮ ಊಟಕ್ಕೆ ಕರೆಯುತ್ತಿದ್ದರೂ ಕೂತೇ ಇದ್ದೇವೆ, ಮೇಲೊಂದು, ಕೆಳಗೊಂದು.