ಗುಡ್ಡದಲ್ಲಿ ಕಳೆದವರೂ ಹುಡುಕಲು ಹೋದ ನಾವೂ

ಗುಡ್ಡಕ್ಕೆ ಹೋದವರು ದಾರಿ ತಪ್ಪುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಆದರೆ ಅವರನ್ನು ಹುಡುಕಲು ಹೊರಟವರು ಪ್ರತಿಸಲವೂ ನಗೆಪಾಟಲಾಗುವುದು ನಮ್ಮ ಊರಲ್ಲಿ ಮಾತ್ರ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಬೇರೆ ಊರಿನವರನ್ನು ಕೇಳಿದೆ. ಅಲ್ಲೂ ಹಾಗೆಯೇ ಅಂತೆ.

ನಾನು ಇದುವರೆಗೆ ಔಷಧದ ಮೇಲೆ ಅಂಟಿಸುವ ಚೀಟಿ ಬಿಟ್ಟು ಬೇರೇನೂ ಬರೆದವನಲ್ಲ. ಆ ಚೀಟಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಬೇಕು. 'ಊಟದ ನಂತರ' ಎಂದು ಬರೆಯದಿದ್ದರೆ ಕೆಲವರು ಊಟದ ಬದಲಿಗೆ ಅದನ್ನೇ ಕುಡಿದುಬಿಡುತ್ತಾರೆ. ಅದೇ ಅಭ್ಯಾಸದಿಂದ ಇಲ್ಲಿಯೂ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಓದುವವರು ಬೇಸರಿಸಬಾರದು.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ಸೊರಬಕ್ಕೂ ಶಿರಾಳಕೊಪ್ಪಕ್ಕೂ ನಡುವೆ, ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಒಂದು ಊರಿನ ಔಷಧಾಲಯಕ್ಕೆ ನನ್ನನ್ನು ಕಾಂಪೌಂಡರ್ ಆಗಿ ಹಾಕಿದರು. ಡಾಕ್ಟರು ಸೊರಬದಿಂದ ವಾರಕ್ಕೊಮ್ಮೆ ಬರುವರು. ಉಳಿದ ದಿನಗಳಲ್ಲಿ ನಾನೇ ಎಲ್ಲ. ನನ್ನ ಊರು ಕೋಲಾರದ ಕಡೆ. ತಂದೆ ತಾಯಿ ತೀರಿಕೊಂಡಿದ್ದರು, ಮದುವೆ ಆಗಿರಲಿಲ್ಲ. ಔಷಧಾಲಯದ ಹಿಂದಿನ ಒಂದು ಕೋಣೆಯೇ ನನ್ನ ಮನೆ. ಹಗಲೆಲ್ಲ ಜನರ ಹೊಟ್ಟೆನೋವು, ತಲೆನೋವು ಕೇಳಿಸಿಕೊಳ್ಳುವ ನನ್ನ ಬಳಿ, ಕೆಲಸ ಮುಗಿದ ಮೇಲೆ ಸುಮ್ಮನೆ ಕೂತು ಮಾತಾಡಲು ಯಾರೂ ಬರುತ್ತಿರಲಿಲ್ಲ. ಯಾರದೂ ತಪ್ಪಲ್ಲ. ರೋಗ ಇಲ್ಲದಿದ್ದಾಗ ಕಾಂಪೌಂಡರನ ಹತ್ತಿರ ಏನು ಮಾತಾಡುವುದು?

ಊರ ಹಿಂದೆ ಒಂದು ದೊಡ್ಡ ಗುಡ್ಡ, ಅದರ ತುಂಬ ಕಾಡು, ಬಂಡೆ. ಸೌದೆಗೆ, ಸೀಗೆಕಾಯಿಗೆ, ತಪ್ಪಿಸಿಕೊಂಡ ಎಮ್ಮೆಗೆ ಎಂದು ಹೋದವರು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಊರ ಗೌಡರು ಡೊಳ್ಳು ಹೊಡೆಸುವರು. ಮನೆಗೊಬ್ಬ ಗಂಡಸು ಹುಡುಕಲು ಬರಬೇಕು. ಇದಕ್ಕೆ ಸಂಬಳವಿಲ್ಲ, ಸರ್ಕಾರದ ಹುಕುಂ ಇಲ್ಲ, ಹಿಂದಿನಿಂದ ಬಂದ ಕಟ್ಟು ಅಷ್ಟೆ. ಗಂಡಸಿಲ್ಲದ ಮನೆಯವರು ಅವಲಕ್ಕಿ, ಸೀಮೆಎಣ್ಣೆ, ಹಗ್ಗ, ಕಂಬಳಿ, ಏನಾದರೂ ಕೊಡಬೇಕು. ಗೌಡರು ಅರಳಿಕಟ್ಟೆಯ ಮೇಲೆ ನಿಂತು ಒಂದೊಂದೇ ಮನೆಯ ಹೆಸರು ಹಿಡಿದು ಕೂಗುವರು, ಆ ಮನೆಯವರು 'ಓ' ಎನ್ನುವರು.

ಮೊದಲ ಸಲ ನಾನು ಬ್ಯಾಂಡೇಜಿನ ಪೆಟ್ಟಿಗೆ ಹಿಡಿದು ಹೋಗಿ ನಿಂತೆ. ಗೌಡರು ಕೊನೆಯ ಮನೆಯವರೆಗೂ ಕೂಗಿ ಕಟ್ಟೆಯಿಂದ ಇಳಿದರು.

"ಗೌಡ್ರೇ, ನಮ್ಮ ಮನೆ ಬಿಟ್ಟು ಹೋಯ್ತು" ಎಂದೆ.

"ಅದು ಮನೆ ಹ್ಯಾಗ್ರೀ ಆಗುತ್ತೆ? ಸರ್ಕಾರದ ಕಟ್ಟಡ ಅದು."

"ಆದ್ರೂ ನಾನು ಬರ್ತೀನಿ."

"ಬರ್ರಿ, ಬ್ಯಾಡ ಅಂದೋರ್ಯಾರು? ಎಣಿಕೆಗೆ ಹಿಡಿಯಲ್ಲ ಅಷ್ಟೆ."

ಹೀಗೆ ಪ್ರತಿಸಲವೂ ಹೋದೆ, ಎಣಿಕೆಗೆ ಸಿಗದೆ ಹೋದೆ. ಮುಚ್ಚಿಡುವುದೇಕೆ, ಆ ಊರಲ್ಲಿ ನನಗಿದ್ದ ಆಸೆ ಇದೊಂದೇ: ನನ್ನ ಕೋಣೆಯನ್ನೂ ಯಾರಾದರೂ ಒಂದು ಮನೆ ಎಂದು ಕೂಗಬೇಕು.

ಹಗ್ಗ

ಒಮ್ಮೆ ಒಬ್ಬಾತ ಜೇನು ಕೀಳಲು ಹೋಗಿ ಬಂಡೆಗಳ ನಡುವಿನ ಕೊರಕಲಿಗೆ ಜಾರಿದ. ಮೇಲಿಂದ ಕೂಗಿದರೆ ಮಾತಾಡುತ್ತಿದ್ದ, ಹತ್ತಲು ಮಾತ್ರ ಆಗುತ್ತಿರಲಿಲ್ಲ. ಉದ್ದನೆಯ ಹಗ್ಗ ಬೇಕಾಯಿತು. ಊರಿನಲ್ಲಿ ಅಷ್ಟು ಉದ್ದದ ಹಗ್ಗ ಇದ್ದದ್ದು ಮೇಲಿನ ಕೇರಿಯ ಬಾವಿಯಲ್ಲಿ. ಅದು ಹೊಸ ಹಗ್ಗ. ಶಿರಾಳಕೊಪ್ಪದ ಸಂತೆಯಿಂದ ತಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಬಾವಿಯ ಪಕ್ಕದ ಮನೆಯ ಅಜ್ಜಿ ಅದನ್ನು ಬಿಚ್ಚಿ ತನ್ನ ಕೈಯಾರೆ ಕೊಟ್ಟರು.

ಹಗ್ಗ ಗುಡ್ಡಕ್ಕೆ ಬಂದರೆ ಕೇರಿಗೆ ನೀರಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಮಗೂ ಅವನನ್ನು ಮೇಲಕ್ಕೆ ಎಳೆಯುವುದರಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅವನನ್ನು ನಡೆಸಿಕೊಂಡು ಕೆಳಗೆ ಬಂದಾಗ, ಗುಡ್ಡದ ಬುಡದಲ್ಲಿ ಮೇಲಿನ ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮ ಗುಂಪಿನವರಿಗೆ ಎದೆ ತುಂಬಿ ಬಂತು. ಬದುಕಿ ಬಂದವನ ಕಾಲಿಗೆ ನೀರು ಹಾಕಲು ಬಂದಿದ್ದಾರೆ ಎಂದುಕೊಂಡೆವು. ಅವನೂ ಕುಂಟುತ್ತಾ ಎರಡೂ ಕಾಲು ಜೋಡಿಸಿ ನಿಂತ. ಕೊಡಗಳೆಲ್ಲ ಖಾಲಿ ಎಂದು ನಮಗೇನು ಗೊತ್ತು?

ಅಜ್ಜಿ ಬಂದವರೇ ಅವನ ಸೊಂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ, ಬೆಳಕಿಗೆ ಹಿಡಿದು ಎಳೆ ಎಳೆ ನೋಡತೊಡಗಿದರು.

"ಅಜ್ಜೀ, ನಾನು ಬದುಕಿ ಬಂದೆ" ಎಂದ ಅವನು.

"ಕಾಣ್ಲಿಲ್ವೇನೋ ನಂಗೆ? ಹಗ್ಗಾನೂ ಬದುಕಿ ಬಂದಿದೆಯಾ ಅಂತ ನೋಡ್ತಿದೀನಿ, ತಡಿ."

ದೀಪ

ಶಿಕಾರಿಪುರದ ಅಕ್ಕಿ ಗಿರಣಿಯವರೊಬ್ಬರ ಅಳಿಯ ನಮ್ಮ ಗುಡ್ಡದಲ್ಲಿ ದಾರಿ ತಪ್ಪಿ, ನಮ್ಮ ಗುಂಪಿಗೆ ಸಿಕ್ಕಿದ್ದ. ಆ ಸಂತೋಷಕ್ಕೆ ಮಾವ ಒಂದು ಹೊಸ ಪೆಟ್ರೋಮ್ಯಾಕ್ಸ್ ದೀಪ ಕಳಿಸಿದರು. ಬಸ್ಸಿನಲ್ಲಿ ಬಂದ ದೀಪಕ್ಕೆ ಕುಂಕುಮ ಹಚ್ಚಿ, ಹೂವು ಮುಡಿಸಿ ಗೌಡರ ಮನೆಯಲ್ಲಿ ಇಟ್ಟರು. ಅದರ ಬೆಳಕು ನೋಡಲು ಪಕ್ಕದ ಊರಿನವರೂ ಬಂದು ಹೋದರು.

ಸ್ವಲ್ಪ ದಿನಕ್ಕೆ ಸೌದೆಗೆ ಹೋದ ಒಬ್ಬಾತ ಸಂಜೆಯಾದರೂ ಬರಲಿಲ್ಲ. ದೀಪ ಹೊತ್ತು ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿಂದ ಮುಂದೆ ಬರೀ ಬಂಡೆ. ಗೌಡರು ಕೈ ಅಡ್ಡ ಹಿಡಿದರು.

"ದೀಪ ಇಲ್ಲೇ ಇರ್ಲಿ. ಮೇಲೆ ಜಾರಿ ಬಿದ್ರೆ ಗಾಜು ಉಳಿಯಲ್ಲ."

"ನಾವು ಜಾರಿ ಬಿದ್ರೆ ಗೌಡ್ರೇ?" ಎಂದು ನಾನು ಕೇಳಿದೆ. ನನ್ನ ಕೈಯಲ್ಲಿ ಬ್ಯಾಂಡೇಜಿನ ಪೆಟ್ಟಿಗೆ ಇದ್ದದ್ದರಿಂದ ಕೇಳಬೇಕಾಯಿತು.

"ಮನುಷ್ಯ ಬಿದ್ರೆ ಎಲುಬು ಕೂಡುತ್ತೆ. ಗಾಜು ಕೂಡುತ್ತೇನ್ರೀ?"

ಕಾಂಪೌಂಡರನಾಗಿ ನಾನು ಈ ಮಾತಿಗೆ ಎದುರಾಡುವಂತಿರಲಿಲ್ಲ. ದೀಪವನ್ನು ಒಂದು ಕಲ್ಲಿನ ಮೇಲೆ ಇಟ್ಟು, ಇಬ್ಬರನ್ನು ಕಾವಲು ಕೂರಿಸಿ, ಅವಲಕ್ಕಿ ಗಂಟನ್ನೂ ಅಲ್ಲೇ ಬಿಟ್ಟು, ನಾವು ಬಿದಿರಿನ ದೊಂದಿ ಹಿಡಿದು ಮೇಲೆ ಹೋದೆವು. ಹೊಗೆಗೆ ಕಣ್ಣು ಉರಿಯಿತು. ಗಂಟಲು ಕಟ್ಟುವವರೆಗೆ ಕೂಗಿದೆವು. ಆಸಾಮಿ ಸಿಗಲಿಲ್ಲ. ಸೋತು ಇಳಿದು ಬಂದರೆ ಕಾವಲಿನವರು ಆರಾಮಾಗಿ ಕೂತಿದ್ದರು, ಅವಲಕ್ಕಿಯ ಗಂಟು ಖಾಲಿಯಾಗಿತ್ತು.

"ಅವ್ನಾ? ನೀವು ಮೇಲೆ ಹೋದ ಕೂಡ್ಲೇ ದೀಪ ನೋಡ್ಕೊಂಡು ಸೀದಾ ಇಳ್ದು ಬಂದ. ತಿಂದು ಮನೆಗೆ ಹೋದ."

"ಹೇಳೋಕಾಗ್ಲಿಲ್ವೇನ್ರೋ?"

"ದೀಪ ಬಿಟ್ಟು ಹ್ಯಾಗ್ ಬರೋದು ಮಾರಾಯ್ರೆ?"

ಎಲ್ಲರೂ ಊರಿಗೆ ಬಂದೆವು. ಹೆಜ್ಜೆಯ ಸದ್ದಿಗೇ ಒಂದೊಂದು ಮನೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಒಳಗಿನಿಂದ 'ಬಂದ್ರಾ' ಎಂಬ ದನಿ ಬರುತ್ತಿತ್ತು. ನಾನು ನನ್ನ ಬೀಗದ ಕೈಗಾಗಿ ಜೇಬು ತಡಕುತ್ತಾ ನಡೆದೆ. ಹಿಂದೆ ಗೌಡರು ದೀಪ ಹೊತ್ತವನಿಗೆ ಹೇಳುತ್ತಿದ್ದದ್ದು ಕೇಳಿಸಿತು:

"ನೋಡಿದ್ಯಾ? ದೀಪ ಮೇಲಕ್ಕೆ ತಗೊಂಡು ಹೋಗಿದ್ರೆ ಅವ್ನು ಸಿಗ್ತಿದ್ನಾ?"

ಮನೆಯವರ ದನಿ

ಇಲ್ಲಿ ಆ ಊರಿನ ಒಂದು ನಂಬಿಕೆಯನ್ನು ಹೇಳಬೇಕು. ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಗುಡ್ಡದಲ್ಲಿ ಕಳೆದವನು ಯಾರು ಕೂಗಿದರೂ ಓಗೊಡಬಾರದು, ಏಕೆಂದರೆ ಕೂಗುವುದು ದೆವ್ವವೂ ಆಗಿರಬಹುದು. ಮನೆಯವರೇ ಬಂದು ಕೂಗಬೇಕು. ಕೂಗಿದವರು ಆ ಮನೆಗಷ್ಟೇ ಗೊತ್ತಿರುವ ಒಂದು ಮಾತನ್ನೂ ಹೇಳಬೇಕು. ಆಗಲೇ ನಂಬಿ 'ಓ' ಎನ್ನಬೇಕು. ಹೀಗಾಗಿ ನಾವು ಹುಡುಕಲು ಹೋಗುವಾಗ ಕಳೆದವರ ಮನೆಯವರೊಬ್ಬರನ್ನು ಕರೆದುಕೊಂಡೇ ಹೋಗುವ ಕ್ರಮ.

ಒಂದು ಸಲ ಕಳೆದವರು ಒಬ್ಬ ರೈತರು. ಮನೆಯಲ್ಲಿ ಹೆಂಡತಿ ಒಬ್ಬರೇ. ಅವರನ್ನೇ ಕರೆದುಕೊಂಡು ಹೋದೆವು. ಗಂಡಸರೆಲ್ಲ ಮೂರು ಗುಂಪಾಗಿ ಗುಡ್ಡದ ಮೂರು ದಿಕ್ಕಿಗೆ ಹರಡಿಕೊಂಡರು.

"ಕೂಗಮ್ಮಾ" ಎಂದರು ಗೌಡರು.

ಆಕೆ ಸುಮ್ಮನೆ ನಿಂತರು. ಗಂಡನ ಹೆಸರು ಹೇಳಬಾರದಲ್ಲ! ಆಮೇಲೆ ಧೈರ್ಯ ಮಾಡಿ, ಸೆರಗು ಸರಿಮಾಡಿಕೊಂಡು, ದಿನವೂ ಕರೆಯುವ ಹಾಗೆಯೇ ಕರೆದರು:

"ರೀ!"

ಮೂರು ದಿಕ್ಕಿನಿಂದಲೂ "ಓ!" ಎಂದು ಬಂತು. ನಮ್ಮ ಪಕ್ಕದಲ್ಲಿ ನಿಂತಿದ್ದ ಇಬ್ಬರು ಮುದುಕರೂ ಅಭ್ಯಾಸಬಲದಿಂದ ಓಗೊಟ್ಟರು. ಓಗೊಡದವನು ನಾನೊಬ್ಬನೇ. ನನ್ನನ್ನು ಹಾಗೆ ಕರೆದವರು ಯಾರಿದ್ದರು?

"ಎಲ್ರೂ ಬಾಯಿ ಮುಚ್ರೋ!" ಎಂದು ಗೌಡರು ಗದರಿದರು. "ಏನಮ್ಮಾ, ನಿಮ್ಮ ಮನೆ ಮಾತು ಏನಾದ್ರೂ ಒಂದು ಸೇರಿಸಿ ಕೂಗು."

ಆಕೆ ಸ್ವಲ್ಪ ಯೋಚಿಸಿ ಗಟ್ಟಿಯಾಗಿ ಕೂಗಿದರು: "ರೀ! ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ತಳ್ಳಿ ಎದ್ದು ಹೋದ್ರಲ್ಲಾ, ಅವ್ರೇ!"

ನಮ್ಮ ಗುಂಪಿನಲ್ಲೇ ಇಬ್ಬರು ಮೂವರು ತಲೆ ತಗ್ಗಿಸಿದರು. ಆಗ ಹತ್ತಿರದಲ್ಲೇ ಒಂದು ಬಂಡೆಯ ಹಿಂದಿನಿಂದ ದನಿ ಬಂತು:

"ಜಾಸ್ತೀನೇ ಇತ್ತು ಕಣೇ!"

ನಾನು

ಕೊನೆಯದು ನನ್ನದೇ ಕಥೆ.

ಚಳಿಗಾಲದ ಒಂದು ಬೆಳಿಗ್ಗೆ ಎಮ್ಮೆ ಹುಡುಕಲು ಹೋದವನನ್ನು ಹುಡುಕಲು ಹೋಗಿದ್ದೆವು. ಮಂಜು ದಟ್ಟವಾಗಿತ್ತು. ನಾನು ಹಿಂದೆ ಬಿದ್ದೆ, ಕಾಲು ಜಾರಿ ಒಂದು ತಗ್ಗಿಗೆ ಉರುಳಿದೆ, ಪಾದ ಉಳುಕಿತು. ಅಷ್ಟರಲ್ಲಿ ಅತ್ತ ಎಮ್ಮೆಯವನು ಸಿಕ್ಕಿದ. ಎಲ್ಲರೂ ಇಳಿದು ಹೋಗಿ ಕಟ್ಟೆಯ ಹತ್ತಿರ ಮನೆ ಮನೆ ಎಣಿಸಿದರಂತೆ. ಎಣಿಕೆ ಸರಿಯಾಗಿಯೇ ಬಂತಂತೆ. ನಾನು ಎಣಿಕೆಯಲ್ಲಿ ಇರಲಿಲ್ಲವಲ್ಲ, ಕಮ್ಮಿ ಬೀಳುವುದು ಹೇಗೆ?

ಹಗಲೆಲ್ಲ ಅಲ್ಲೇ ಕೂತೆ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ. ನನ್ನ ಪೆಟ್ಟಿಗೆಯಿಂದಲೇ ಬಟ್ಟೆ ತೆಗೆದು ನನ್ನ ಕಾಲಿಗೆ ನಾನೇ ಕಟ್ಟಿಕೊಂಡೆ. ನಾಳೆಯವರೆಗೂ ಯಾರಿಗೂ ಗೊತ್ತಾಗದಿದ್ದರೆ ಎಂಬ ಯೋಚನೆ ಬಂತು. ಗುಡ್ಡದಲ್ಲಿ ಚಿರತೆ ಇತ್ತು. ಆದರೆ ನಿಜ ಹೇಳಬೇಕೆಂದರೆ, ಚಿರತೆಗಿಂತ ಆ ಯೋಚನೆಗೇ ನಾನು ಹೆಚ್ಚು ಹೆದರಿದೆ.

ಸಂಜೆಯಾಗುತ್ತಾ ಕೆಳಗೆ ಡೊಳ್ಳು ಬಡಿಯಿತು. 'ಪಾಪ, ಯಾರೋ ಕಳೆದಿದ್ದಾರೆ' ಎಂದುಕೊಂಡೆ. ಅಭ್ಯಾಸದಿಂದ ಏಳಲು ಹೋಗಿ, ಕಾಲು ನೊಂದು, ಮತ್ತೆ ಕೂತೆ.

ಆಮೇಲೆ ತಿಳಿದದ್ದು ಇಷ್ಟು. ಕೆಮ್ಮಿನ ಔಷಧಕ್ಕೆ ಬಂದ ಒಬ್ಬ ಮುದುಕಿ ಬೀಗ ನೋಡಿ, ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತು, ಕೊನೆಗೆ ಗೌಡರ ಮನೆಗೆ ಹೋಗಿ ಕೂಗಾಡಿದರಂತೆ.

ಸ್ವಲ್ಪ ಹೊತ್ತಿಗೆ "ಕಾಂಪೌಂಡರ್ರೇ!" ಎಂಬ ಕೂಗು ಕೇಳಿಸಿತು. ಬಂಡೆಗಳಿಗೆ ಬಡಿದು ಬಂದ ದನಿ, ಗಂಡೋ ಹೆಣ್ಣೋ ತಿಳಿಯದು. ನಾನು ಓದಿದವನು, ದೆವ್ವ ಗಿವ್ವ ನಂಬುವವನಲ್ಲ ಎಂದು ಹಗಲಿನಲ್ಲಿ ಹೇಳುತ್ತಿದ್ದದ್ದು ಹೌದು. ಆದರೆ ಹೊತ್ತು ಮುಳುಗುವಾಗ ಕಾಲು ಉಳುಕಿಸಿಕೊಂಡು ಒಬ್ಬರೇ ಕೂತು ನೋಡಿ, ಆಮೇಲೆ ಮಾತಾಡಿ. ಮನೆಯವರ ದನಿಗೆ ಮಾತ್ರ ಓಗೊಡಬೇಕು. ನನಗೆ ಮನೆಯವರಿಲ್ಲ. ಹಾಗಾದರೆ ಯಾರಿಗೂ ಓಗೊಡುವಂತಿಲ್ಲ. ಬಾಯಿ ಬಿಗಿಹಿಡಿದು ಕೂತೆ.

ಕೆಳಗಿನವರಿಗೂ ಅದೇ ತೊಡಕು. ಕೂಗಲು ಯಾರನ್ನು ಕರೆತರುವುದು? ನನ್ನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಅವರೇ ಒಂದು ಉಪಾಯ ಮಾಡಿದರು. ಒಬ್ಬೊಬ್ಬರಾಗಿ ಕೂಗತೊಡಗಿದರು:

"ನಾನ್ರೀ! ಮೊಣಕಾಲು ನೋವಿನೋನು!"

"ನಾನು ಕಣಪ್ಪಾ, ಕೆಮ್ಮು!" ಎಂದು ಮುದುಕಿ ಕೆಮ್ಮಿಯೂ ತೋರಿಸಿದರು.

"ನಾನು! ಹೊಟ್ಟೆ ಉಬ್ಬರ!"

ರೋಗಗಳೆಲ್ಲ ಗುರುತಿನವೇ. ಆದರೂ ಸಂಶಯ ಹೋಗಲಿಲ್ಲ. ಇವರೆಲ್ಲ ಔಷಧಾಲಯದ ಬೆಂಚಿನ ಮೇಲೆ ಕೂತು ತಮ್ಮ ತಮ್ಮ ರೋಗವನ್ನು ಊರಿಗೆಲ್ಲ ಸಾರಿದವರು. ದೆವ್ವಕ್ಕೆ ಗೊತ್ತಿರುವುದಿಲ್ಲವೇ? ಕೆಳಗೂ ಯಾರೋ ಅದನ್ನೇ ಅಂದರು: "ನಿನ್ ಕೆಮ್ಮು ಸೊರಬದವರೆಗೂ ಗೊತ್ತು, ಸುಮ್ನಿರಬೇ."

ಆಮೇಲೆ ಕೂಗು ನಿಂತಿತು. ಹೊರಟೇ ಹೋದರೋ ಏನೋ ಎಂದು ಕತ್ತು ಚಾಚಿ ನೋಡಿದೆ. ಅಷ್ಟರಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಗೌಡರು.

ಇವರ ಬಗ್ಗೆ ಒಂದು ಮಾತು ಹೇಳಬೇಕು. 'ನಾನು ಔಷಧಾಲಯದ ಮೆಟ್ಟಿಲು ತುಳಿದವನಲ್ಲ, ಕಬ್ಬಿಣದ ಮೈ' ಎಂಬುದು ಕಟ್ಟೆಯ ಮೇಲೆ ಅವರು ಯಾವಾಗಲೂ ಆಡುವ ಮಾತು. ಆದರೆ ಆಗಾಗ ಮುಸ್ಸಂಜೆಯಲ್ಲಿ, ತಲೆ ತುಂಬ ಕಂಬಳಿ ಹೊದ್ದು ನನ್ನ ಕೋಣೆಯ ಹಿಂಬಾಗಿಲಿಗೆ ಬಂದು, ಮಾತಿಲ್ಲದೆ ಕೈ ಚಾಚಿ, ಮುಲಾಮು ಇಸಿದುಕೊಂಡು ಹೋಗುವರು. ಅದು ಅವರಿಗೆ ಮತ್ತು ನನಗೆ ಬಿಟ್ಟರೆ ಅವರ ಮನೆಯವರಿಗೂ ತಿಳಿಯದು.

ಗೌಡರ ದನಿ ಊರಿಗೇ ದೊಡ್ಡದು. ಮನೆಗೊಬ್ಬರಂತೆ ಇಡೀ ಊರು ಪಕ್ಕದಲ್ಲೇ ನಿಂತಿತ್ತು. ಅವರು ಕೂಗಿಯೇಬಿಟ್ಟರು:

"ಕಾಂಪೌಂಡರ್ರೇ! ನಾನ್ರೀ! ನಿಮ್ಮ ಮನೆ ಹಿಂಬಾಗಿಲಿಗೆ ಬರೋನು! ಮೂಲವ್ಯಾಧಿ!"

ಗುಡ್ಡ ಅದನ್ನು ಬಿಡಲಿಲ್ಲ. ಆ ಬಂಡೆ 'ಮೂಲವ್ಯಾಧಿ' ಎಂದಿತು, ಈ ಬಂಡೆ 'ವ್ಯಾಧಿ' ಎಂದಿತು, ದೂರದ ಇನ್ನೊಂದು ಬಂಡೆ ತಡವಾಗಿ, ಸ್ಪಷ್ಟವಾಗಿ, ಮತ್ತೊಮ್ಮೆ ಹೇಳಿತು. ಯಾರೂ ನಗಲಿಲ್ಲ.

ಅವರು ಔಷಧಾಲಯ ಅನ್ನಲಿಲ್ಲ, ಮನೆ ಅಂದರು. ನಾನು "ಓ!" ಎಂದೆ. ಅಷ್ಟು ಗಟ್ಟಿಯಾಗಿ ನಾನು ಆ ಊರಿನಲ್ಲಿ ಅದುವರೆಗೂ ಬಾಯಿ ತೆರೆದಿರಲಿಲ್ಲ.

ಎಲ್ಲರಿಗಿಂತ ಮೊದಲು ಗೌಡರೇ ಹತ್ತಿ ಬಂದು ನನ್ನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ನನಗೆ ಅವರ ಮುಖ ನೋಡಲು ಸಂಕೋಚ.

"ಗೌಡ್ರೇ, ನನ್ನಿಂದಾಗಿ ಊರಿಗೆಲ್ಲ ಗೊತ್ತಾಯ್ತಲ್ಲ" ಎಂದೆ.

"ಆಗ್ಲಿ ಬಿಡ್ರಿ, ಒಳ್ಳೇದೇ ಆಯ್ತು. ನಾಳೆಯಿಂದ ಎಲ್ರಂಗೆ ಮುಂಬಾಗಿಲಿಗೇ ಬರ್ತೀನಿ" ಎಂದರು. ನಾಲ್ಕು ಹೆಜ್ಜೆ ಇಳಿದ ಮೇಲೆ, ಹಿಂದೆ ಬರುವವರಿಗೆ ಕೇಳಿಸದಂತೆ, ನನ್ನ ಕಿವಿಯ ಹತ್ತಿರ ಬಗ್ಗಿದರು:

"ಆದ್ರೆ ಬೆಂಚಿನ ಮೇಲೆ ಮಾತ್ರ ಕೂರ್ಸಬ್ಯಾಡ್ರಿ."