ಪಾಷಾ ಅವರ ಸೈಡ್ ಸ್ಟ್ಯಾಂಡು

ಖುರ್ಷಿದ್ ಪಾಷಾ ಅವರು ಬೈಕಿನಿಂದ ಬೀಳುವುದು ಹೊಸದೇನಲ್ಲ. ಆದರೆ ಹೋದ ತಿಂಗಳು ಅವರು ತುಮಕೂರಿನ ತಮ್ಮ ಮನೆ ಮುಂದೆಯೇ, ಹೆಂಡತಿಯ ಕಣ್ಣೆದುರಿಗೇ, ಸುಮ್ಮನೆ ನಿಂತಿದ್ದ ಹಸುವಿಗೆ ಗುದ್ದಿ ಬಿದ್ದದ್ದು ತಪ್ಪಾಯಿತು. ಅಲ್ಲಿಯವರೆಗೆ ಬಿದ್ದದ್ದೆಲ್ಲ ಊರಾಚೆ. ಮನೆ ಸೇರುವಷ್ಟರಲ್ಲಿ ಒಂದು ಒಳ್ಳೆಯ ಕತೆ ತಯಾರಾಗಿರುತ್ತಿತ್ತು. ಈ ಸಲ ಕತೆ ಕಟ್ಟಲು ಪುರುಸೊತ್ತೇ ಸಿಗಲಿಲ್ಲ.

ಪಾಷಾ ಅವರ ಮನೆಮಾತು ಉರ್ದು. ಗಂಡನನ್ನು ಬೈಯುವಾಗ ಮಾತ್ರ ತಾಜುನ್ನೀಸಾ ಕನ್ನಡಕ್ಕೆ ಹೊರಳುತ್ತಾರೆ, ಬೀದಿಯವರಿಗೆಲ್ಲ ಅರ್ಥವಾಗಲಿ ಎಂದು.

"ಟ್ಯಾಂಕಿಗೆ ಹೊಸ ಪೇಂಟ್ ಹೊಡ್ಸಿದೀನಿ. ಇನ್ನೊಂದೇ ಒಂದು ಗೀರು ಬಿದ್ರೆ ಗಾಡಿ ಸೀದಾ ಅರ್ಷದ್ ಅಂಗಡಿಗೆ, ನೀವು ಸೀದಾ ಬಸ್ಸಿಗೆ. ಇರೋ ಒಬ್ಬ ಗಂಡನ್ನ ರಸ್ತೆ ಮೇಲಿಂದ ಬಾಚ್ಕೊಂಡು ಬರೋಕೆ ನನ್ನ ಕೈಲಾಗಲ್ಲ," ಎಂದು ಅವರು ಬಾಗಿಲಲ್ಲೇ ನಿಂತು ಹೇಳಿದರು. ಎದುರು ಮನೆಯವರು ತಲೆಯಾಡಿಸಿದರು.

ಅರ್ಷದ್ ಎಂದರೆ ತಾಜುನ್ನೀಸಾರ ತಮ್ಮ. ಪಕ್ಕದ ಬೀದಿಯಲ್ಲಿ ಅವನದು ಗುಜರಿ ಅಂಗಡಿ. ಭಾವನ ಬೈಕನ್ನು ಕಂಡಾಗಲೆಲ್ಲ ಅವನ ಕಣ್ಣು ತನ್ನಷ್ಟಕ್ಕೆ ತಾನೇ ತೂಕ ಹಾಕುತ್ತಿತ್ತು.

ಪಾಷಾ ಅವರಿಗೆ ಆ ಕಪ್ಪು ಬೈಕೆಂದರೆ ಜೀವ. ಲೇಡೀಸ್ ಟೈಲರ್ ಅಂಗಡಿ ಇಟ್ಟ ವರ್ಷವೇ ಕೊಂಡದ್ದು. ಗುಬ್ಬಿ, ಹೆಬ್ಬೂರು, ಕುಣಿಗಲ್ ಕಡೆಯ ಅದೆಷ್ಟೋ ಮದುಮಗಳ ಬ್ಲೌಸುಗಳು ಅದರ ಮೇಲೇ ಮದುವೆಮನೆ ಸೇರಿದ್ದವು. ಬಸ್ಸಿನಲ್ಲಿ ಒಯ್ದರೆ ಬ್ಲೌಸಿನ ಇಸ್ತ್ರಿಯೂ ಟೈಲರನ ಮರ್ಯಾದೆಯೂ ಒಟ್ಟಿಗೇ ಸುಕ್ಕಾಗುತ್ತವೆ ಎಂಬುದು ಅವರ ವಾದ. ಬೈಕಿಗೆ ವಯಸ್ಸಾಗಿತ್ತು, ನಿಜ. ಕೀ ಎಷ್ಟು ಸವೆದಿತ್ತೆಂದರೆ ಗಾಡಿ ಓಡುತ್ತಿರುವಾಗಲೇ ಅದನ್ನು ಕಿತ್ತು ಕಿವಿ ಕೆರೆದುಕೊಳ್ಳಬಹುದಿತ್ತು.

ಹೀಗಿರುವಾಗ ಒಂದು ದಿನ ಕುಣಿಗಲ್ಲಿನ ಶಕುಂತಲಮ್ಮನವರ ಮಗಳು ಇಂಪನಾಳ ಮದುವೆ ಬ್ಲೌಸು ಮಧ್ಯಾಹ್ನದೊಳಗೆ ತಲುಪಬೇಕಿತ್ತು. ತಾಜುನ್ನೀಸಾ ಸ್ವತಃ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಎಳೆದು ನೋಡಿ ಕಳಿಸಿದರು. ಪಾಷಾ ಅವರು ಬ್ಲೌಸಿನ ಚೀಲವನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಪ್ರತಿ ಹಂಪಿನಲ್ಲೂ ಮೊದಲ ಗೇರಿಗಿಳಿದು, ಹಿಂದಿನವರಿಗೆಲ್ಲ ದಾರಿ ಬಿಟ್ಟುಕೊಂಡು, ಹೆಬ್ಬೂರಿನವರೆಗೆ ಒಂದು ಗೀರೂ ಇಲ್ಲದೆ ಬಂದರು. ಸೈಕಲ್ಲಿನವನೊಬ್ಬ ಅವರನ್ನು ದಾಟಿ ಮುಂದೆ ಹೋದ. ಹೋಗಲಿ ಬಿಡು ಎಂದುಕೊಂಡರು.

ಹೆಬ್ಬೂರಿನಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವ ಪದ್ಧತಿ ಅವರಿಗಿಲ್ಲ. ಹಾಲಿನ ಡೈರಿಯಲ್ಲಿ ಏನೋ ಮೀಟಿಂಗು ಇದ್ದದ್ದರಿಂದ ಹೋಟೆಲ್ ಮುಂದೆ ಬೈಕುಗಳ ಸಾಲು. ಎಲ್ಲವೂ ಕಪ್ಪು, ಎಲ್ಲವೂ ಹಳೆಯವು, ಒಂದೇ ತಾಯಿಯ ಮಕ್ಕಳ ಹಾಗೆ. ಪಾಷಾ ಅವರು ಬಿಸಿಲಿಗೆ ಸೀಟು ಕಾಯದಿರಲೆಂದೂ, ಬಂದಾಗ ಗುರುತು ಸಿಗಲೆಂದೂ ಗಿಣಿಹಸಿರು ಲೈನಿಂಗ್ ಬಟ್ಟೆಯೊಂದನ್ನು ಸೀಟಿನ ಮೇಲೆ ಹಾಸಿ ಒಳಗೆ ಹೋದರು. ಇಡ್ಲಿ, ಮೇಲೊಂದು ವಡೆ, ಕಾಫಿ ಮುಗಿಸಿ ಬಂದು, ಹಸಿರು ಬಟ್ಟೆಯನ್ನು ಮಡಿಚಿ ಜೇಬಿಗಿಟ್ಟು, ಕೀ ತಿರುಗಿಸಿ ಹೊರಟರು.

ಊರು ದಾಟಿರಲಿಲ್ಲ, ಎದುರಿನಿಂದ ಬಂದವನೊಬ್ಬ ಕಾಲು ತೋರಿಸಿ ಕೂಗಿದ. "ಸ್ಟ್ಯಾಂಡು, ಸ್ಟ್ಯಾಂಡು."

ಕೆಳಗೆ ನೋಡಿದರೆ ಸೈಡ್ ಸ್ಟ್ಯಾಂಡು ಇಳಿದೇ ಇತ್ತು. ಮರೆತಿದ್ದಕ್ಕೆ ನಾಚಿ ಹಿಮ್ಮಡಿಯಿಂದ ಎತ್ತಿದರು. ಸ್ವಲ್ಪ ದೂರ ಹೋದ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ನಿಂತು, "ಸ್ಟ್ಯಾಂಡ್ ಎತ್ಕಳಪ್ಪ," ಎಂದಳು. ಮತ್ತೆ ಎತ್ತಿದರು. ಆಮೇಲೆ ಬಸ್ಸಿನ ಕಿಟಕಿಯಿಂದ ಕಂಡಕ್ಟರು, ಆಮೇಲೆ ಸ್ಕೂಲು ಮಕ್ಕಳ ಒಂದು ಇಡೀ ಆಟೋ. ಈ ಜಿಲ್ಲೆಯಲ್ಲಿ ಪಕ್ಕದ ಮನೆಯವರ ಕ್ಷೇಮ ವಿಚಾರಿಸದವರೂ ದಾರಿಹೋಕರ ಸೈಡ್ ಸ್ಟ್ಯಾಂಡನ್ನು ಮಾತ್ರ ಬಿಡುವುದಿಲ್ಲ. ಕೊನೆಕೊನೆಗೆ "ಸ್ಟ್ಯಾ" ಎನ್ನುವಷ್ಟರಲ್ಲೇ ಪಾಷಾ ಅವರ ಎಡಗಾಲು ಅವರನ್ನು ಕೇಳದೆಯೇ ಒದೆಯತೊಡಗಿತು.

ಸ್ಟ್ಯಾಂಡಿನದು ಮುಗಿಯಿತೆಂದರೆ ಲೈಟಿನದು. ಎದುರು ಬಂದವರೆಲ್ಲ ಬೆರಳುಗಳನ್ನು ಅರಳಿಸಿ ಮುಚ್ಚಿ, ಹಗಲಲ್ಲೇ ಲೈಟು ಉರೀತಿದೆ ಎಂದು ಸನ್ನೆ ಮಾಡಿದರು. ಸ್ವಿಚ್ಚು ಅಲುಗಲಿಲ್ಲ. ಹಾರ್ನ್ ಒತ್ತಿದರೆ ನೆಗಡಿಯಾದ ಮೇಕೆಯಂಥ ಸದ್ದು. ಬ್ರೇಕಂತೂ ಹಿಡಿದಾಗ ಹಿಡಿಯದೆ, ಯೋಚನೆ ಮಾಡಿ ಆಮೇಲೆ ಹಿಡಿಯುತ್ತಿತ್ತು.

ನಿನ್ನೆಯವರೆಗೂ ಸರಿಯಾಗಿದ್ದ ಗಾಡಿಗೆ ಏನಾಯಿತು? ಪಾಷಾ ಅವರಿಗೆ ತಟ್ಟನೆ ಹೊಳೆಯಿತು. ನಿನ್ನೆ ಸಂಜೆ ಅರ್ಷದ್ ಗ್ಯಾಸ್ ಸಿಲಿಂಡರ್ ತರಬೇಕೆಂದು ಗಾಡಿ ಒಯ್ದಿದ್ದ. ಬದಿಗೆ ನಿಲ್ಲಿಸಿ, ಬೈಕನ್ನು ಒಂದು ಬೇವಿನ ಮರಕ್ಕೆ ಒರಗಿಸಿ ಅವನಿಗೆ ಫೋನ್ ಮಾಡಿದರು.

"ಏನ್ಲಾ ಅರ್ಷದ್, ಸ್ಟ್ಯಾಂಡಿನ ಸ್ಪ್ರಿಂಗ್ ಬಿಚ್ಕೊಂಡಿದೀಯ?"

"ಯಾವ ಸ್ಪ್ರಿಂಗ್ ಭಾವ?"

"ನಂಗೆ ಗೊತ್ತಾಗಲ್ಲ ಅನ್ಕೊಂಡಿದೀಯ? ಇವತ್ತು ಸ್ಪ್ರಿಂಗು, ನಾಳೆ ಚೈನು. ಗಾಡೀನ ಕಂತಲ್ಲಿ ಗುಜರಿಗೆ ಹಾಕ್ತಿದೀಯ ನೀನು."

"ಅಲ್ಲಾ ಆಣೆ, ನಾನು ಸಿಲಿಂಡರ್ ಬಿಟ್ರೆ ಏನೂ ಮುಟ್ಟಿಲ್ಲ."

ಪಾಷಾ ಅವರು ನಂಬಲಿಲ್ಲ. ಅದೇ ಸಿಟ್ಟಿನಲ್ಲಿ ಹೊರಟರು. ಕುಣಿಗಲ್ ಹತ್ತಿರದ ಎಡ ತಿರುವಿನಲ್ಲಿ ಬೈಕು ವಾಲಿದ್ದೇ ತಡ, ಜೋತುಬಿದ್ದ ಸ್ಟ್ಯಾಂಡು ರಸ್ತೆಗೆ ಊರಿಕೊಂಡಿತು. ಬೈಕು ಒಂದು ಕಡೆ ಹೋಯಿತು, ಪಾಷಾ ಅವರು ಇನ್ನೊಂದು ಕಡೆ ಹೋದರು. ಅವರ ಪುಣ್ಯಕ್ಕೆ ಅಲ್ಲೊಂದು ತೆಂಗಿನ ಸಿಪ್ಪೆಯ ರಾಶಿ ಇತ್ತು. ತಲೆ ಹೋಗಿ ಪಕ್ಕದ ಕಲ್ಲಿಗೆ ಬಡಿದರೂ ಹೆಲ್ಮೆಟ್ಟಿಗೆ ಮಾತ್ರ ಪೆಟ್ಟಾಯಿತು. ಹೆಂಡತಿ ಬಿಗಿದಿದ್ದ ಪಟ್ಟಿಗೆ ಅವರು ಮನಸ್ಸಿನಲ್ಲೇ ಮುತ್ತಿಟ್ಟರು.

ಎದ್ದು ಮೊದಲು ನೋಡಿದ್ದು ಬ್ಲೌಸಿನ ಚೀಲ. ಅದು ಭದ್ರವಾಗಿತ್ತು. ಆಮೇಲೆ ನೋಡಿದ್ದು ಟ್ಯಾಂಕು. ಅದರ ಮೇಲೆ ಗೇಣುದ್ದದ ಗೀರು. ಕನ್ನಡಿಯೂ ಮುರಿದಿತ್ತು. ಪಾಷಾ ಅವರಿಗೆ ಅಳುವೇ ಬಂತು.

ಅಷ್ಟರಲ್ಲಿ ಜನ ಸೇರಿದರು.

"ಮುಂದಿನ ಬ್ರೇಕ್ ಹಿಡಿದಿರ್ತೀರ. ಅದಕ್ಕೇ ಬಿದ್ದಿದ್ದು," ಎಂದ ಒಬ್ಬ.

"ಹಿಂದಿಂದು ಹಿಡಿದ್ರೆ ಬೀಳೋದು ಕಣಯ್ಯ. ಮುಂದಿಂದೇ ಹಿಡೀಬೇಕು," ಎಂದ ಇನ್ನೊಬ್ಬ.

"ಎರಡೂ ಒಟ್ಟಿಗೆ ಹಿಡೀಬೇಕು ಅಂತ ಲೈಸೆನ್ಸ್ ಕೊಡೋವಾಗ್ಲೇ ಹೇಳ್ತಾರೆ."

"ನಿನ್ ಹತ್ರ ಲೈಸೆನ್ಸ್ ಎಲ್ಲೈತೆ?"

ಮಾತು ಅಲ್ಲಿಂದ ಅವರವರೊಳಗಿನ ಹಳೆಯ ಜಗಳಕ್ಕೆ ತಿರುಗಿದ್ದರಿಂದ ಪಾಷಾ ಅವರು ಬೈಕನ್ನು ತಾವೇ ಎತ್ತಿಕೊಂಡು, ಮೆಲ್ಲಗೆ ತಳ್ಳುತ್ತ ಊರು ಸೇರಿದರು. ಬ್ಲೌಸು ತಲುಪಿತು. ಇಂಪನಾ ಹಾಕಿ ನೋಡಿ ಮೆಚ್ಚಿದಳು. ಶಕುಂತಲಮ್ಮನವರು ಮಾತ್ರ, "ಏನ್ ಸಾಹೇಬ್ರೇ, ಮೈ ತುಂಬ ತೆಂಗಿನ ನಾರು?" ಎಂದು ಕೇಳಿದರು.

"ಈಗ ಹಿಂಗೇ ಫ್ಯಾಷನ್ನು ಅಮ್ಮ," ಎಂದು ಪಾಷಾ ಅವರು ಜಾಗ ಖಾಲಿ ಮಾಡಿದರು.

ಕುಣಿಗಲ್ಲಿನ ಮೆಕ್ಯಾನಿಕ್ ಪುಟ್ಟರಂಗಯ್ಯ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೀಡಿ ಆರಿಸಿ, "ಇದ್ರ ಮೇಲೆ ಕೂತ್ಕೊಂಡು ತುಮಕೂರಿಂದ ಬಂದ್ರಾ? ಧೈರ್ಯ ಮೆಚ್ಬೇಕು ನಿಮ್ದು," ಎಂದ.

"ಎಲ್ಲಾ ನನ್ನ ಬಾಮೈದನ ಕೆಲ್ಸ. ಗೀರು ಕಾಣಬಾರ್ದು. ಬೇರೆ ಏನೇನು ಮಾಡ್ಬೇಕೋ ಮಾಡಪ್ಪ."

ಪುಟ್ಟರಂಗಯ್ಯ ಮಾಡಿದ. ಹೊಸ ಸ್ಪ್ರಿಂಗು, ಹೊಸ ಬ್ರೇಕ್ ಶೂ, ಎರಡೂ ಕಡೆ ಹೊಸ ಕನ್ನಡಿ, ಹೊಸ ಹಾರ್ನು. ಸವೆದು ಬೋಳಾಗಿದ್ದ ಹಿಂದಿನ ಟಯರನ್ನೂ ಬಿಡಲಿಲ್ಲ. ಟ್ಯಾಂಕಿಗೆ ಪೇಂಟ್ ಹೊಡೆದು ಬಿಸಿಲಿಗಿಟ್ಟ. ಅವನು ಮಡ್‌ಗಾರ್ಡ್ ನೇರ ಮಾಡಲು ಸುತ್ತಿಗೆ ಎತ್ತಿದ ಹೊತ್ತಿಗೇ ತಾಜುನ್ನೀಸಾರ ಫೋನು ಬಂತು.

"ರೀ, ಗಾಡಿ ವಿಷ್ಯ..."

"ಗಾಡಿಗೇನು, ಫಸ್ಟ್ ಕ್ಲಾಸಾಗಿದೆ," ಎಂದರು ಪಾಷಾ ಅವರು, ಕೇಳುವ ಮೊದಲೇ. "ಒಂದು ಗೀರಿಲ್ಲ."



"ನಮ್ಮ ಗಾಡೀಲೇ ಇದೀರಾ?"

"ಇನ್ಯಾರ ಗಾಡೀಲಿ ಇರ್ತೀನಿ?"

"ಅದೇನದು ಟಕಟಕ ಸದ್ದು?"

"ಮದ್ವೆ ಮನೆ ಅಲ್ವಾ, ಚಪ್ಪರ ಹಾಕ್ತಾವ್ರೆ."

"ಹಾಕ್ಲಿ, ಹಾಕ್ಲಿ. ನಿಧಾನಕ್ಕೆ ಬನ್ನಿ," ಎಂದು ತಾಜುನ್ನೀಸಾ ಫೋನಿಟ್ಟರು. ಅವರ ದನಿಯಲ್ಲಿ ಅಷ್ಟು ಪ್ರೀತಿ ಕೇಳಿ ಪಾಷಾ ಅವರಿಗೆ ಯಾಕೋ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಂಜೆ ಬಿಸಿಲಿನಲ್ಲಿ ಅವರು ಹೊಳೆಯುವ ಬೈಕಿನ ಮೇಲೆ ತಮ್ಮ ಬೀದಿಗೆ ತಿರುಗಿದರು. ಮನೆ ಮುಂದೆ ಅವರದೇ ಬೈಕು ನಿಂತಿತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ 'ಪಾಷಾ ಲೇಡೀಸ್ ಟೈಲರ್' ಎಂಬ ಸ್ಟಿಕ್ಕರೂ ಅಂಗಡಿಯ ಫೋನ್ ನಂಬರೂ ಇದ್ದವು. ಪಾಷಾ ಅವರು ಅದನ್ನು ನೋಡಿದರು. ತಾವು ಕೂತಿದ್ದನ್ನು ನೋಡಿದರು. ಇಳಿದು ಹಿಂದಕ್ಕೆ ಹೋಗಿ ನೋಡಿದರು. ಅದರ ಮೇಲೆ ಸ್ಟಿಕ್ಕರಿರಲಿಲ್ಲ. ನಂಬರ್ ಪ್ಲೇಟೂ ಅವರದಲ್ಲ.

ಜಗಲಿಯ ಮೇಲೆ ಹಣೆಗೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಟೀ ಕುಡಿಯುತ್ತಿದ್ದರು. ಪಕ್ಕದಲ್ಲಿ ಅರ್ಷದ್ ಕೈಕಟ್ಟಿ ನಿಂತಿದ್ದ.

"ಇವ್ರು ಹೆಬ್ಬೂರಿನ ಸದಾಶಿವಯ್ಯನೋರು," ಎಂದರು ತಾಜುನ್ನೀಸಾ, ಅಚ್ಚ ಕನ್ನಡದಲ್ಲಿ. ಎದುರು ಮನೆಯವರು ಹೊರಗೆ ಬಂದರು. "ನೀವು ಓಡಿಸ್ಕೊಂಡು ಬಂದಿರೋದು ಇವ್ರ ಗಾಡಿ."

ಸದಾಶಿವಯ್ಯ ಸಂಕೋಚದಿಂದ ವಿವರಿಸಿದರು. "ಗಾಳಿಗೆ ನಿಮ್ಮ ಹಸಿರು ಬಟ್ಟೆ ಕೆಳಗೆ ಬಿದ್ದಿತ್ತಂತೆ. ಹೋಟ್ಲು ಯಜಮಾನ್ರು ಪಾಪ ಎತ್ತಿ ಪಕ್ಕದ ಗಾಡಿ ಮೇಲೆ ಹಾಕವ್ರೆ. ಅದು ನಂದು. ಡೈರಿ ಮೀಟಿಂಗ್ ಮುಗಿಸ್ಕೊಂಡು ಬಂದ್ರೆ ನನ್ನ ಗಾಡಿ ಇಲ್ಲ, ಇದೊಂದೇ ನಿಂತಿತ್ತು. ಸ್ಟಿಕ್ಕರ್ ನೋಡಿ ಫೋನ್ ಮಾಡ್ದೆ, ನಿಮ್ಮ ಮನೆಯವ್ರು ಎತ್ತಿದ್ರು. ನನ್ನ ಕೀನೂ ಸವೆದಿರೋದು, ನಿಮ್ಮ ಗಾಡಿಗೂ ಬಿತ್ತು, ಅದ್ರಲ್ಲೇ ಬಂದ್ಬಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಪಾಷಾ ಅವರು ಹೆಂಡತಿಗೆ.

"ಹೇಳೋಣ ಅಂತ್ಲೇ ಫೋನ್ ಮಾಡಿದ್ದು. ನೀವು ಚಪ್ಪರ ಹಾಕ್ಸೋಕೆ ಶುರು ಮಾಡಿದ್ರಿ."

ಸದಾಶಿವಯ್ಯ ಅಷ್ಟರಲ್ಲಿ ತಮ್ಮ ಬೈಕನ್ನು ಸುತ್ತಿ ಬಂದಿದ್ದರು. ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಟಯರನ್ನು ಸವರಿದರು. ಸ್ಟ್ಯಾಂಡನ್ನು ಎತ್ತಿ ಬಿಟ್ಟರೆ ಅದು ಟಕ್ಕೆಂದು ಮೇಲೆ ನಿಂತಿತು. ಅವರ ಕಣ್ಣು ತುಂಬಿ ಬಂತು. "ಇಷ್ಟು ವರ್ಷದಿಂದ ಎಡಗಾಲಲ್ಲೇ ಸ್ಟ್ಯಾಂಡ್ ಎತ್ತಿ ಹಿಡ್ಕೊಂಡು ಓಡಿಸ್ತಿದ್ದೆ ಸಾಹೇಬ್ರೇ. ಇಂಥಾ ಕಳ್ಳತನ ತಿಂಗ್ಳಿಗೊಂದ್ಸಲ ಆಗ್ಬೇಕು."

ಪಾಷಾ ಅವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಬೇರೊಂದು ದೀಪ ಹತ್ತಿತ್ತು. ಸೀದಾ ತಮ್ಮ ಬೈಕಿನ ಹತ್ತಿರ ಹೋಗಿ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತರು.

"ತಾಜು, ಮಾತು ಅಂದ್ರೆ ಮಾತು. ನಮ್ಮ ಗಾಡಿಗೆ ಗೀರು ಬಿದ್ರೆ ತಾನೇ ಗುಜರಿ? ನೋಡು. ಎಲ್ಲೈತೆ ಗೀರು? ಬಿದ್ದಿದ್ದು ಅವ್ರ ಗಾಡಿ. ನಮ್ದು ಮದುಮಗಳ ಹಾಗಿದೆ."

ತಾಜುನ್ನೀಸಾ ಬೈಕನ್ನು ಮೇಲಿಂದ ಕೆಳಗೆ ನೋಡಿದರು. ನಿಜಕ್ಕೂ ಒಂದು ಗೀರಿರಲಿಲ್ಲ. ಎದುರು ಮನೆಯವರು, "ಅದೂ ಸರೀನೇ ಬುಡಿ," ಎಂದರು. ತಾಜುನ್ನೀಸಾ ಖಾಲಿ ಟೀ ಲೋಟ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮದುವೆಯಾದಂದಿನಿಂದ ಪಾಷಾ ಅವರು ಒಂದು ಮಾತಿನಲ್ಲಿ ಗೆದ್ದದ್ದು ಅದೇ ಮೊದಲು. ಎದೆ ತುಂಬಿ ಬಂತು.

ಸದಾಶಿವಯ್ಯ ಎಲ್ಲರಿಗೂ ಕೈಮುಗಿದು ತಮ್ಮ ಬೈಕು ಹತ್ತಿದರು. ಇನ್ನು ಕಾಲಿನಲ್ಲಿ ಹಿಡಿದುಕೊಳ್ಳುವ ಕೆಲಸವಿಲ್ಲವೆಂಬ ಖುಷಿಯಲ್ಲಿ ಸ್ಟ್ಯಾಂಡನ್ನು ಎತ್ತುವುದನ್ನೇ ಮರೆತು ಹೊರಟರು.

ಅರ್ಷದ್ ನೋಡಿದ. ಒಳ್ಳೆಯ ಮನಸ್ಸಿನಿಂದಲೇ ಕೂಗಿದ.

"ಯಜಮಾನ್ರೇ, ಸ್ಟ್ಯಾಂಡು, ಸ್ಟ್ಯಾಂಡು."

ಸದಾಶಿವಯ್ಯ ಟಕ್ಕೆಂದು ಎತ್ತಿಕೊಂಡು ಬೀದಿ ದಾಟಿ ಹೋದರು. ಆದರೆ ಕೂಗು ಕೇಳಿದ್ದು ಅವರಿಗೊಬ್ಬರಿಗೇ ಅಲ್ಲ. ಹ್ಯಾಂಡಲ್ ಮೇಲೆ ಒಂದು ಕೈಯಿಟ್ಟು ಗೆದ್ದವರಂತೆ ನಿಂತಿದ್ದ ಪಾಷಾ ಅವರ ಎಡಗಾಲು, ಬೆಳಗಿನಿಂದ ಕಲಿತ ಪಾಠವನ್ನು ಮರೆಯದೆ, ಪಕ್ಕದಲ್ಲಿದ್ದ ಸ್ಟ್ಯಾಂಡನ್ನು ಹಿಮ್ಮಡಿಯಿಂದ ಜೋರಾಗಿ ಒದೆಯಿತು. ಬೈಕು ಅವರ ಕೈ ಜಾರಿ, ಜಗಲಿಯ ಕಲ್ಲಿನ ಅಂಚಿಗೆ ಟ್ಯಾಂಕನ್ನು ಉದ್ದಕ್ಕೂ ಗೀರಿಕೊಂಡು ನೆಲಕ್ಕೆ ಮಲಗಿತು.

ತಾಜುನ್ನೀಸಾ ಬೈಯಲಿಲ್ಲ. ಹತ್ತಿರ ಬಂದು, ಕೈಚಾಚಿ, ಮೆಲ್ಲಗೆ ಉರ್ದುವಿನಲ್ಲಿ ಕೀ ಕೇಳಿದರು. ಪಾಷಾ ಅವರು ಜೇಬಿನಿಂದ ತೆಗೆದಾಗ ಅದರ ಜೊತೆ ಹಸಿರು ಬಟ್ಟೆಯೂ ಬಂತು. ಅದನ್ನು ಕಣ್ಣಿಗೊತ್ತಿಕೊಂಡರು.

ಅರ್ಷದ್ ಓಡಿಬಂದು ಬೈಕನ್ನು ಎತ್ತಿದ. ಎತ್ತಿದವನು ಕೂಡಲೇ ಕೆಳಗಿಡಲಿಲ್ಲ. ಹಿಂದಿನ ಚಕ್ರವನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ಹಿಡಿದು, ತೂಕ ನೋಡುವವನ ಹಾಗೆ, ಕಣ್ಣು ಮುಚ್ಚಿ ನಿಂತಿದ್ದ.